ಹೊಸ ಕಾಯಿಲ್, ದೇವರ ಮನೆಯ ಬತ್ತಿ

ನಾರ್ತ್‌ವಿಲ್‌ನ ನಮ್ಮ ಸಬ್‌ಡಿವಿಷನ್ ಬಡಾವಣೆಯ ಶೇಷಗಿರಿಯವರು ಸಿಗರೇಟು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಆ ಕೀರ್ತಿಯಲ್ಲಿ ಅರ್ಧ ಅವರದು, ಇನ್ನರ್ಧ ನಿಕೋಟಿನ್ ದ್ರವ ಕಾಯಿಸಿ ಆವಿ ಸೇದಿಸುವ, ಅಂಗೈಯಗಲದ ಒಂದು ವೇಪ್ ಯಂತ್ರದ್ದು. ಸೇದಿ ಬಿಸಾಡುವಂಥದ್ದಲ್ಲ, ಅದು ಹೇಡಿಗಳಿಗೆ. ಇವರದು ಬಿಚ್ಚಿ, ಸುರುಳಿ ತಂತಿಯ ಕಾಯಿಲನ್ನು ತಾವೇ ಕೂರಿಸಿ, ಅದರೊಳಗೆ ದ್ರವ ಹೀರಲು ಹತ್ತಿ ತೂರಿಸಿ, ಮತ್ತೆ ಮುಚ್ಚುವಂಥದ್ದು. ಪಕ್ಕದೂರು ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗಗಳು ಏಕೆ ಕೆಟ್ಟವು ಎಂದು ಇಪ್ಪತ್ತು ವರ್ಷದಿಂದ ವರದಿ ಬರೆಯುತ್ತಿರುವ ಎಂಜಿನಿಯರಿಗೆ ಇದಕ್ಕಿಂತ ಸುಖವುಂಟೆ?

ಆ ಭಾನುವಾರ ಬೆಳಿಗ್ಗೆ ಹೊಸ ಕಾಯಿಲ್ ಕೂರಿಸಿ, ಮಾವಿನ ಘಮದ ದ್ರವ ತುಂಬಿ ಗುಂಡಿ ಒತ್ತಿದರೆ, ‘ಚೆಕ್ ಅಟಾಮೈಜರ್’, ಅಂದರೆ ಕಾಯಿಲಿನ ಗೂಡು ನೋಡು, ಎಂದು ಪುಟಾಣಿ ಪರದೆ ಶಾಪ ಕೊಟ್ಟಿತು.

ಶೇಷಗಿರಿ ಕನ್ನಡಕ ಏರಿಸಿ ಯುದ್ಧಕ್ಕಿಳಿದರು. ಊಟದ ಮೇಜಿನ ಮೇಲೆ ಸ್ಕ್ರೂಡ್ರೈವರ್, ಚಿಮುಟ, ಕಟರ್‌ಗಳು ಆಯುಧಪೂಜೆಗೆ ಇಟ್ಟಂತೆ ಸಾಲಾಗಿ ಕುಳಿತವು. ಒಂದು ಸ್ಕ್ರೂ ಸಡಿಲವಾಗಿತ್ತು, ಬಿಗಿದರು. ತಂತಿಯ ತುದಿ ಮುಚ್ಚಳಕ್ಕೆ ತಾಗಿ ಶಾರ್ಟ್ ಆಗುತ್ತಿತ್ತು, ಕತ್ತರಿಸಿದರು. ಶಾಪ ವಿಮೋಚನೆಯಾಯಿತು. ವಿಜಯದ ದಮ್ಮೊಂದನ್ನು ದೀರ್ಘವಾಗಿ ಎಳೆದರು.

ಗಂಟಲು ಸುಟ್ಟುಹೋಯಿತು. ಮಾವು ಎಲ್ಲೂ ಇಲ್ಲ, ಬರೀ ಸೀದ ಹಾಲಿನ ವಾಸನೆ. ಕೆಮ್ಮಿನ ಆರ್ಭಟ ಕೇಳಿ ಮಹಡಿಯಿಂದ ಮಗಳು ಇಂಚರ ಕೂಗಿದಳು:

“ಡ್ಯಾಡ್, ಆರ್ ಯೂ ಡೈಯಿಂಗ್?”

“ಇನ್ನೂ ಇಲ್ಲಮ್ಮ!”

ಬಿಸಿ ಕಡಿಮೆಯಾಗಲೆಂದು ವಾಟ್ ಇಳಿಸಿದರು. ಇನ್ನೊಂದು ಕಾಯಿಲ್ ಕೂರಿಸಿದರು. ಮತ್ತೆ ಅದೇ ವಾಸನೆ. ಮಧ್ಯಾಹ್ನದ ಹೊತ್ತಿಗೆ ಶತ್ರು ಮೇಜಿನ ಮೇಲಿಂದ ಎದ್ದು, ಸಿಗರೇಟಿನ ಚಪಲವಾಗಿ ಅವರ ತಲೆಯೊಳಗೆ ಕುಳಿತಿತ್ತು. ವೇಪ್ ಅಂಗಡಿ ಭಾನುವಾರ ಮುಚ್ಚಿರುತ್ತದೆ. ಹೆದ್ದಾರಿಯ ಎಕ್ಸಿಟ್ ಹತ್ತಿರ ಪೆಟ್ರೋಲು ಹಾಕುವ ಗ್ಯಾಸ್ ಸ್ಟೇಷನ್ ಮುಚ್ಚುವುದೇ ಇಲ್ಲ, ಅಲ್ಲಿ ಕೌಂಟರಿನ ಹಿಂದೆ ತಮ್ಮ ಹಳೆಯ ಬ್ರಾಂಡಿನ ಸಿಗರೇಟು ಪ್ಯಾಕುಗಳು ಹಲ್ಲು ಕಿರಿಯುತ್ತಿರುತ್ತವೆ. ಒಂದು ಸೇದಿದರೆ ತಮ್ಮ ಕಥೆ ಮುಗಿಯಿತೆಂದು ಶೇಷಗಿರಿಗೆ ಚೆನ್ನಾಗಿ ಗೊತ್ತು. ಕೈ ಮಾತ್ರ ಕಾರಿನ ಕೀ ಎತ್ತಿಕೊಂಡಿತ್ತು.

ಹೆಂಡತಿ ವತ್ಸಲಾ ಎದುರಿಗೆ ಬಂದರು. “ಎಲ್ಲಿಗ್ರೀ?”

“ಸುಮ್ನೆ… ಹಾಲು ತರೋಣ ಅಂತ.”

“ಫ್ರಿಜ್ಜಲ್ಲಿ ಎರಡು ಗ್ಯಾಲನ್ ಇದೆ. ಕೀ ಕೆಳಗಿಡಿ. ಏನಾಯ್ತು ಹೇಳಿ.”

ಶೇಷಗಿರಿ ತನಿಖಾ ವರದಿ ಒಪ್ಪಿಸಿದರು. “ಸ್ಕ್ರೂ ಚೆಕ್ ಮಾಡ್ದೆ, ಶಾರ್ಟ್ ತೆಗ್ದೆ, ಕಾಯಿಲ್ ಎರಡು ಸಲ ಬದಲಾಯಿಸ್ದೆ. ಸೀದ ವಾಸನೆ ಹೋಗ್ತಾನೇ ಇಲ್ಲ.”

“ಹತ್ತಿ?”

“ಹತ್ತೀಲಿ ಏನಿರತ್ತೆ? ನಂದು ಮುಗ್ದೋಗಿತ್ತು ಕಣೆ, ದೇವರ ಮನೆಯಿಂದ ತಗೊಂಡೆ. ಅದನ್ನೂ ಅನುಮಾನ ಪಡೋಕಾಗತ್ತಾ?”

“ನನ್ನ ಬತ್ತಿ ಡಬ್ಬೀಗೆ ಕೈ ಹಾಕಿದ್ರಾ?” ವತ್ಸಲಾ ಸೊಂಟದ ಮೇಲೆ ಕೈಯಿಟ್ಟರು. “ಅದು ಹಾಲಲ್ಲಿ ಬೆರಳದ್ದಿ ಬಿಗಿಯಾಗಿ ಹೊಸೆದಿರೋದು ರೀ. ದೀಪಕ್ಕೆ ಅಂತ ಮಾಡಿದ್ದನ್ನ ಬಾಯಿಗಿಟ್ಕೊಂಡು, ಸುಡತ್ತೆ ಅಂತ ಕಂಪ್ಲೇಂಟ್ ಬೇರೆ!”

ಇಪ್ಪತ್ತು ವರ್ಷದ ಅನುಭವ ಎಲ್ಲರನ್ನೂ ವಿಚಾರಣೆಗೆ ಕರೆದು, ಮಡಿಯಲ್ಲಿದ್ದ ಒಬ್ಬ ಆರೋಪಿಗೆ ಮಾತ್ರ ಕೈಮುಗಿದು ಕಳಿಸಿಬಿಟ್ಟಿತ್ತು.

ವತ್ಸಲಾ ಹೊಸೆಯದ ಹತ್ತಿ ತಂದು, ಬೆರಳಲ್ಲಿ ಹಗುರವಾಗಿ ಎಳೆದು, ಕಾಯಿಲಿನೊಳಗೆ ತೂರಿಸತೊಡಗಿದರು. ಸೋತ ಸೇನಾಪತಿ ಸುಮ್ಮನಿರಬೇಕಲ್ಲ!

“ಇನ್ನೊಂಚೂರು ತುರುಕು, ಲೂಸಾಯ್ತು.”

“ನೀವು ಬಾಯಿ ಮುಚ್ಚಿ. ಮೂವತ್ತು ವರ್ಷದಿಂದ ದಿನಾ ಬತ್ತೀಗೆ ಎಣ್ಣೆ ಏರಿಸ್ತಿರೋಳು ನಾನು. ಹತ್ತಿ ಬಿಗಿಯಾದ್ರೆ ಏನೂ ಏರಲ್ಲ.”

ದ್ರವ ತುಂಬಿ, ಐದು ನಿಮಿಷ ನೆನೆಯಲು ಬಿಟ್ಟರು. ಆ ಐದು ನಿಮಿಷ ಶೇಷಗಿರಿ ಅಡುಗೆಮನೆಗೆ ಏಳು ಪ್ರದಕ್ಷಿಣೆ ಹಾಕಿದರು. ಆಮೇಲೆ ಹಿತ್ತಲಿನ ಮರದ ಡೆಕ್ಕಿಗೆ ಹೋಗಿ, ಹೆದರುತ್ತಲೇ ಗುಂಡಿ ಒತ್ತಿ ಎಳೆದರು.

ಮಾವು! ಅಪ್ಪಟ ಮಾವು!

ಬಿಳಿ ಮೋಡದೊಳಗಿಂದ ಗಂಡನ ಮುಖ ಮೂಡುವವರೆಗೆ ಕಾದು ವತ್ಸಲಾ ಹೇಳಿದರು: “ಮುಂದಿನ ಬಾಟ್ಲಿ ಅರ್ಧ ನಿಕೋಟಿನ್‌ದು. ಅದರ ಮುಂದಿಂದು ಅದರಲ್ಲೂ ಅರ್ಧ.”

“ಒಪ್ಪದೇ ಇದ್ರೆ?”

“ಹತ್ತಿ ನೀವೇ ಹಾಕ್ಕೊಳ್ಳಿ.”

ಶೇಷಗಿರಿ ಕಾರಿನ ಕೀಯನ್ನು ಹೆಂಡತಿಯ ಕೈಗಿತ್ತು, ಇನ್ನೊಂದು ದಮ್ಮೆಳೆದರು.