ಎಲ್ಲ ಬಲ್ಲವರ ಎಡಗೈ

ನಮ್ಮ ಮನೆಯವರಿಗೆ ಬಾರದ ಕೆಲಸವಿರಲಿಲ್ಲ. ಸುರೇಬಾನದ ನಮ್ಮ ಓಣಿಯಲ್ಲಿ ಸೋಮವಾರದ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುವವರು ಅವರೇ, ಬಯಲಾಟದವರಿಗೆ ಹೆಜ್ಜೆ ಕಲಿಸುವವರೂ ಅವರೇ. ಬೋರಿನ ಮೋಟಾರು ಕೆಟ್ಟರೆ, ಎಮ್ಮೆ ಈಯಲು ತ್ರಾಸುಪಟ್ಟರೆ, ಯಾರದಾದರೂ ಕಾಲು ಉಳುಕಿದರೆ ಜನ ನಮ್ಮ ಬಾಗಿಲಿಗೇ ಬರುತ್ತಿದ್ದರು.

“ಹಿಂದಿನ ರಾಜರು ಅರವತ್ನಾಲ್ಕು ವಿದ್ಯಾ ಕಲೀತಿದ್ರಂತ. ನಿಮ್ಮ ಮನಿಯವ್ರು ಹೊಲದಾಗ ನಿಂತ ಕಲ್ತಾರ ನೋಡ್ರಿ ಅಕ್ಕಾರ,” ಎಂದು ಪಕ್ಕದ ಮನೆಯಾಕೆ ಅನ್ನುತ್ತಿದ್ದಳು.

“ಅರವತ್ಮೂರು ಬಂದಾವವ್ವಾ. ಹೊತ್ತಿಗೆ ಸರಿಯಾಗಿ ಊಟಕ್ಕ ಬರೂದೊಂದು ಬಂದಿಲ್ಲ,” ಎನ್ನುತ್ತಿದ್ದೆ ನಾನು.

ಅವರಿಗೆ ಅದು ಬರೀ ಹೊಗಳಿಕೆಯಾಗಿರಲಿಲ್ಲ. “ಒಂದ ಕೆಲಸ ಬಲ್ಲಾಂವ ಅರ್ಧಾ ಮನಷ್ಯಾ. ಹಿಂದಿನವ್ರು ಕತ್ತೀನೂ ಹಿಡೀತಿದ್ರು, ವೀಣಾನೂ ಹಿಡೀತಿದ್ರು,” ಎಂದು ಖರೇನೇ ನಂಬಿದ್ದರು. ನಾವೂ ನಂಬಿದ್ದೆವು.

ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ಚಹಾದ ಬಟ್ಟಲು ಅವರ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಮೈದುನ ರಾಮದುರ್ಗದ ದವಾಖಾನೆಗೆ ಒಯ್ಯಲು ಗಾಡಿ ತಂದು ನಿಲ್ಲಿಸಿದ. ಇವರು ಒಪ್ಪಲಿಲ್ಲ. ಹಿಂದೆ ಒಬ್ಬ ನೇಕಾರನ ಸೊಟ್ಟ ಬಾಯನ್ನು ಎಣ್ಣೆ ತಿಕ್ಕಿ ನೆಟ್ಟಗೆ ಮಾಡಿದ್ದರು. ತೊದಲುತ್ತಲೇ, “ವಾಯು ಐತಿ. ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸರಿ,” ಎಂದರು.

“ಅಣ್ಣಗ ಗೊತ್ತಿರಲಾರದ್ದು ಡಾಕ್ಟರಗೇನ ಗೊತ್ತಿರತೈತಿ?” ಎಂದು ಮೈದುನ ಗಾಡಿ ಬಂದ್ ಮಾಡಿದ. ಊರೆಲ್ಲ ಬಂದು ನೋಡಿತು. ಬೇರೆ ಮಾತು ಯಾರೂ ಆಡಲಿಲ್ಲ. ಸಂಜೆಗೆ ಕಾಲೂ ಏಳದಾದಾಗ ಎತ್ತಿಕೊಂಡು ಹೋದೆವು. ಡಾಕ್ಟರು, “ಮುಂಜಾನೇನ ಕರಕೊಂಡ ಬರಬೇಕಿತ್ರಿ,” ಎಂದಷ್ಟೇ ಹೇಳಿದರು.

ಈಗ ಬಲಗೈಗೆ ಸ್ವಾಧೀನವಿಲ್ಲ, ಮಾತೂ ಇಲ್ಲ. ಎಡಗೈಯಿಂದ ತಾವೇ ಉಣ್ಣುತ್ತಾರೆ. ಹಾಸಿಗೆ ಹುಣ್ಣು ಆಗಿಲ್ಲ. ವಿಭೂತಿ ಹಚ್ಚಿದರೆ ಕಣ್ಣು ಮುಚ್ಚುತ್ತಾರೆ. ಇಷ್ಟನ್ನಾದರೂ ಉಳಿಸಿದೆಯಲ್ಲಪ್ಪಾ ಎಂದು ದಿನಾ ದೇವರ ಜಗುಲಿಯ ಮುಂದೆ ಹೇಳುತ್ತೇನೆ. ಅದರ ಜೊತೆಗೆ ಆ ಕೈಯೊಂದನ್ನು ಕೊಡು ಎಂದೂ ಬೇಡುತ್ತಿದ್ದೆ.

ಭಜನೆ ಅಂದಿನಿಂದ ನಿಂತಿತ್ತು. ಇವರು ಇದ್ದಾರಲ್ಲ ಎಂದು ಯಾರೂ ಪೇಟಿ ಕಲಿತಿರಲಿಲ್ಲ. ಮೊನ್ನೆ ಸೋಮವಾರ ಭಜನೆಯವರು ಗುಡಿಯ ಪೇಟಿಯನ್ನು ಮನೆಗೇ ಹೊತ್ತು ತಂದರು.

“ಪೇಟಿ ಮುಟ್ಟಿದ್ರ ಕೈಗೆ ನೆನಪಾಗತೈತ್ರಿ ವೈನಿ,” ಎಂದರು ಹಿರಿಯರೊಬ್ಬರು. ನನಗೂ ಹಾಗೇ ಅನ್ನಿಸಿತು. ಒಳಗಿನಿಂದ ದಿಂಬು ತಂದು ಅವರ ಬೆನ್ನಿಗೆ ಕೊಟ್ಟೆ.

ಎಡಗೈ ತಾನಾಗಿಯೇ ಹೋಗಿ ಪೇಟಿಗೆ ಗಾಳಿ ಹಾಕತೊಡಗಿತು, ಮೊದಲಿನ ಅದೇ ಲಯದಲ್ಲಿ. ಮೈದುನ ಬಲಗೈಯನ್ನು ಎತ್ತಿ ಪೇಟಿಯ ಸ್ವರದ ಮನೆಗಳ ಮೇಲಿಟ್ಟ. ಕೈ ಅಲ್ಲೇ ಬಿದ್ದುಕೊಂಡಿತು. ಅದರ ಭಾರಕ್ಕೆ ನಾಲ್ಕೈದು ಸ್ವರಗಳು ಒಮ್ಮೆಗೇ ಅರಚಿದವು.

“ಇರಲಿ, ಇದೇ ಶ್ರುತಿ ಅಂತ ಹಾಡೂಣು ತಗೋರಿ,” ಎಂದು ಹಿರಿಯರು ತಾಳ ಎತ್ತಿದರು. ಪಾಪ, ಎಲ್ಲರೂ ಹಾಡಿದರು. ಆ ಅರಚಾಟದ ಮೇಲೆ ಹಾಡು ಕುಂಟುತ್ತ ಹೋಯಿತು.

ಇವರು ಗಾಳಿ ನಿಲ್ಲಿಸಿದರು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಪೇಟಿಯನ್ನು ಬಾಗಿಲ ಕಡೆ ದೂಡಿದರು.

ಭಜನೆಯವರು ಚಹಾ ಕುಡಿದು ಹೋದರು. ಮುಂದಿನ ಸೋಮವಾರದ ಮಾತು ಯಾರೂ ಎತ್ತಲಿಲ್ಲ. ನಾನು ಜಗುಲಿಗೆ ದೀಪ ಹಚ್ಚಿ ಕೈಮುಗಿದು ಕುಳಿತೆ. ಏನು ಬೇಡಬೇಕೋ ತಿಳಿಯಲಿಲ್ಲ.