ಕಾಲುವೆಯಲ್ಲಿ ಮಿಂದ ಮೋಟಾರು

ಆ ಬೇಸಿಗೆಯಲ್ಲಿ ನಮ್ಮ ಮನೆಯ ಪೆಟ್ಟಿಗೆಯಲ್ಲಿದ್ದ ಹಣ ಒಂದೇ. ಅದರ ಮೇಲೆ ಕಣ್ಣಿಟ್ಟವರು ಇಬ್ಬರು. ಕಬ್ಬಿನ ಬೆಳೆ ಚೆನ್ನಾಗಿ ಬಂದು, ಕಂಪ್ಲಿಯ ವ್ಯಾಪಾರಿಗಳಿಗೆ ಅಪ್ಪ ಬೆಲ್ಲ ಮಾರಿ ತಂದ ಹಣ ಅದು. ಅಣ್ಣನಿಗೆ ಒಂದು ಹಳೆಯ ಮೋಟಾರು ಕೊಳ್ಳಬೇಕಿತ್ತು. ನನಗೆ ಮದರಾಸಿಗೆ ಹೋಗಿ ಶಿಕ್ಷಕಿಯರ ತರಬೇತಿ ಮುಗಿಸಬೇಕಿತ್ತು.

"ಮೊದಲು ಗಾಡಿ. ಉಳಿದದ್ದು ನಿನಗ," ಎಂದು ಅಪ್ಪ ತೀರ್ಮಾನ ಕೊಟ್ಟಿದ್ದರು.

ಆ "ಉಳಿದದ್ದು" ನನ್ನ ನಿದ್ದೆ ಕೆಡಿಸಿತು. ಮದರಾಸಿನಲ್ಲಿ ಬಿ.ಎ. ಮುಗಿಸಿ ಹೊಸಪೇಟೆಗೆ ಮರಳಿದ್ದೆ. ಆ ಜೂನ್‌ನಲ್ಲಿ ಕಾಲೇಜು ಸೇರದಿದ್ದರೆ ಮುಂದಿನ ಜೂನ್ ನನ್ನ ಕೈಯಲ್ಲಿರುವುದಿಲ್ಲ ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಮೆಟ್ರಿಯ ಕಡೆಯ ಒಂದು ಮನೆತನದವರು ಅಪ್ಪನ ಮಾತಿಗಾಗಿ ಕಾದಿದ್ದರು. ಅವರು ಒಳ್ಳೆಯವರೇ. ನನಗೆ ಅವರ ಮೇಲೆ ಯಾವ ದೂರೂ ಇರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ.

ಅಣ್ಣ ಸಂಡೂರಿನ ಆಚೆ, ಯಶವಂತನಗರದ ಹತ್ತಿರದ ಗಣಿಯಲ್ಲಿ ಗುಮಾಸ್ತ. ರೈಲಿನಿಂದ ಹೊಸಪೇಟೆಯಲ್ಲಿ ಇಳಿದ ಗಣಿಯ ಅಧಿಕಾರಿಗಳು ಗುಡ್ಡದ ಮೇಲಕ್ಕೆ ಹೋಗಲು ಲಾರಿಗಾಗಿ ಕಾಯುವುದನ್ನು ಅವನು ಊರಿಗೆ ಬಂದಾಗಲೆಲ್ಲ ನೋಡುತ್ತಿದ್ದ. ಅವರನ್ನು ಬಾಡಿಗೆಗೆ ಕರೆದೊಯ್ಯುವುದು ಅವನ ಯೋಜನೆ. ಆದರೆ ಆಸೆ ಅಷ್ಟಕ್ಕೇ ನಿಂತಿರಲಿಲ್ಲ. ಅದಿರಿನ ಲಾರಿಗಳನ್ನು ಏರಿನಲ್ಲಿ ಹಿಂದೆ ಹಾಕಿ ಹೋಗುವ ಗಾಡಿ ಅವನಿಗೆ ಬೇಕಿತ್ತು.

"ನಾಕು ಸಿಲಿಂಡರಿನ ಗಾಡಿ ಏರಿನಾಗ ಕೆಮ್ಮತೈತಿ. ಆರು ಸಿಲಿಂಡರಿಂದು ಹಾಡಿಕೋತ ಹತ್ತತೈತಿ," ಎನ್ನುತ್ತಿದ್ದ.

ಖರ್ಚಿನ ಅಂದಾಜು ಮಾಡಲು ನನಗೆ ಹೇಳಿದರು. ಗಾಡಿಯ ಬೆಲೆ ಎನ್ನುವುದು ಖರ್ಚಿನ ಆರಂಭ ಮಾತ್ರ ಎಂದು ಕೂತು ಬರೆದಾಗ ತಿಳಿಯಿತು. ಸವೆದ ಟೈರುಗಳಿಗೆ ಬದಲು, ತೆರಿಗೆ, ಸಂಡೂರು ಸಂಸ್ಥಾನದ ಗಡಿ ದಾಟಲು ಬೇರೆ ರಹದಾರಿ ಬೇಕಾದರೆ ಅದಕ್ಕೆ, ಮುರಿದ ಭಾಗ ಮದರಾಸಿನಿಂದ ಬರಬೇಕಾದರೆ ಅದಕ್ಕೆ. ದೊಡ್ಡ ಎಂಜಿನ್ ಪೆಟ್ರೋಲನ್ನೂ ದೊಡ್ಡದಾಗಿಯೇ ಕುಡಿಯುತ್ತದೆ. ಕೊನೆಗೆ, ಇಂಥದ್ದೆಂದು ಈಗ ಹೇಳಲಾಗದ ರಿಪೇರಿಗೆಂದು ಒಂದಿಷ್ಟು ತೆಗೆದಿಟ್ಟೆ.

ಅಣ್ಣ ನಕ್ಕ. "ಇನ್ನಾ ಬರದ ಗಾಡಿಗೆ ಈಗ್ಲೇ ಜ್ವರ ಬರಿಸ್ತೀಯಲ್ಲ ತಂಗಿ!"

ಎಲ್ಲ ಕಳೆದು, ನನ್ನ ಫೀಸನ್ನು ಬದಿಗಿಟ್ಟರೆ, ಗಾಡಿಯ ಬೆಲೆ ಏಳುನೂರು ರೂಪಾಯಿ ದಾಟುವಂತಿರಲಿಲ್ಲ. ಆರು ಸಿಲಿಂಡರಿನ ಗಾಡಿ ಆ ಬೆಲೆಗೆ ಸಿಗುವುದಿಲ್ಲವೆಂದು ನಾನು ಒಳಗೊಳಗೇ ನೆಮ್ಮದಿಯಿಂದಿದ್ದೆ.

ಸಿಕ್ಕಿತು. ಮದರಾಸಿನ ಪತ್ರಿಕೆ ನಮ್ಮಲ್ಲಿಗೆ ಒಂದು ದಿನ ತಡವಾಗಿ ಬರುತ್ತಿತ್ತು. ಮಾರಾಟದ ಜಾಹೀರಾತುಗಳನ್ನು ಅಣ್ಣನಿಗೆ ಓದಿ ಹೇಳುವುದು ನನ್ನ ಕೆಲಸ. ಇಂಗ್ಲಿಷ್ ದೊರೆಯೊಬ್ಬರು ಸೀಮೆಗೆ ಮರಳುತ್ತಿದ್ದಾರೆ, ಆರು ಸಿಲಿಂಡರಿನ ಗಾಡಿ, ಬಳಸಿದ್ದು ಕಡಿಮೆ, ಬೇಗ ಮಾರಬೇಕಾದ್ದರಿಂದ ಆರುನೂರೈವತ್ತು. ವಿಳಾಸವಿಲ್ಲ, ಪತ್ರಿಕೆಯ ಪೆಟ್ಟಿಗೆ ಸಂಖ್ಯೆ ಮಾತ್ರ. ಇದೇ ಮಾತುಗಳನ್ನು ಎಲ್ಲೋ ಓದಿದ್ದೇನೆನ್ನಿಸಿ ಅಡುಗೆಮನೆಯ ಕಪಾಟಿಗೆ ಹಾಸಿದ್ದ ಹಳೆಯ ಹಾಳೆಗಳನ್ನು ಎತ್ತಿ ನೋಡಿದೆ. ಯುಗಾದಿಯ ಹೊತ್ತಿನ ಪತ್ರಿಕೆಯಲ್ಲೂ ಅದೇ ದೊರೆ ಸೀಮೆಗೆ ಹೊರಟಿದ್ದರು. ಆಗ ಗಾಡಿಯ ಬಣ್ಣ ಹಸಿರು, ಈಗ ಕಪ್ಪು.

"ಆಗ ಮಾರಾಟ ಆಗಿಲ್ಲ, ಬಣ್ಣ ಬಳಿಸ್ಯಾರ. ಅದರಾಗೇನೈತಿ?" ಎಂದ ಅಣ್ಣ.

ಇರಬಹುದು. ನನ್ನ ಅನುಮಾನಕ್ಕೆ ಕಾರಣ ಗಾಡಿಯೋ ನನ್ನ ಫೀಸೋ ಎಂದು ನನಗೇ ಖಾತ್ರಿಯಿರಲಿಲ್ಲ. ಹಾಗಾಗಿ ಹೆಚ್ಚು ವಾದಿಸದೆ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟೆ. ಉತ್ತರ ಬೇಗ ಬಂತು. ದಲ್ಲಾಳಿಯೊಬ್ಬ ಗಾಡಿಯನ್ನು ಹೊಸಪೇಟೆಗೇ ತರುತ್ತಾನೆ. ಬೇರೆ ಗಿರಾಕಿಗಳಿಗೆ ಕೊಡದೆ ಹಿಡಿದಿಡಲು ಐವತ್ತು ರೂಪಾಯಿ ಮುಂಗಡ ಕಳಿಸಬೇಕು.

"ನೋಡದ ಗಾಡಿಗೆ ರೊಕ್ಕ ಕಳಿಸೋದು ಬ್ಯಾಡಪ್ಪ," ಎಂದೆ.

"ಸಂಚಕಾರ ಕೊಡದ ಯಾರು ಎತ್ತು ಹಿಡಿದಿಡ್ತಾರವ್ವ?" ಎಂದರು ಅಪ್ಪ. ಸಂಚಕಾರವೆಂದರೆ ಎತ್ತಿನ ವ್ಯಾಪಾರದ ಮುಂಗಡ. ಅದನ್ನು ಪಡೆದವನು ಮಾತು ಮುರಿಯುವುದಿಲ್ಲ ಎಂಬುದು ಅಪ್ಪನ ಇಡೀ ಬದುಕಿನ ಅನುಭವ. ಮಾರುವವನ ಮುಖ, ಊರು, ಮನೆತನ ಎಲ್ಲ ಗೊತ್ತಿದ್ದ ಅನುಭವ ಅದು. ಹಣ ಹೋಯಿತು.

ದಲ್ಲಾಳಿ ಬಂದದ್ದು ಮುಂಜಾನೆ. ಬಿಳಿ ಕೋಟು, ಜರಿ ರುಮಾಲು, ತೆಲುಗು ಬೆರೆತ ಕನ್ನಡ. ಗಾಡಿಯೇನೋ ನಿಜವಾಗಿಯೂ ಇತ್ತು; ಬೇವಿನ ಮರದ ಕೆಳಗೆ ನಿಂತು ಹೊಳೆಯುತ್ತಿತ್ತು. ಅಣ್ಣ ಅದರ ದೀಪದ ಗಾಜನ್ನು ತನ್ನ ತೋಳಿನಿಂದ ಒರೆಸಿದ. ಅವನೂ ದಲ್ಲಾಳಿಯೂ ಗಾಡಿಯಲ್ಲಿ ಸುತ್ತಾಡಿ ಬಂದರು.

ನಾನು ನಡುಮನೆಯ ಬಾಗಿಲ ಮರೆಯಲ್ಲಿದ್ದೆ. "ಸಂಡೂರಿನ ಏರು ಹತ್ತಿಸಿದ್ರೇನು, ಕೇಳಣ್ಣ," ಎಂದೆ.

"ಹಂಪಿಗೆ ಹೋಗಿಬಂದ್ವಿ. ಗಾಳಿ ಹೋದಂಗ ಹೋತು!"

"ಹಂಪಿ ದಾರಿ ಸಪಾಟ ಐತಲ್ಲ?"

ಉತ್ತರ ಕೊಟ್ಟವನು ದಲ್ಲಾಳಿ. "ಹೊಸ ಎಣ್ಣಿ ಹಾಕೀವಮ್ಮಾ. ಎರಡು ದಿನ ಏರು ಹತ್ತಿಸಬಾರದು. ಬಿ.ಎ. ಓದಿದವರು, ನಿಮಗೆ ಗೊತ್ತಿಲ್ಲದ್ದಾ?"

ನನಗೆ ಗೊತ್ತಿರಲಿಲ್ಲ. ಸುಳ್ಳೆನ್ನಲು ಆಧಾರವಿರಲಿಲ್ಲ, ನಿಜವೆನ್ನಲೂ ಇರಲಿಲ್ಲ. ಸಂಜೆಯ ರೈಲಿಗೆ ತಾನು ಮರಳಬೇಕು, ಬಳ್ಳಾರಿಯಲ್ಲಿ ಇನ್ನೊಬ್ಬರು ಏಳುನೂರಕ್ಕೆ ಒಪ್ಪಿದ್ದಾರೆ ಎಂದು ಅವನು ಪದೇ ಪದೇ ಹೇಳುತ್ತಿದ್ದ. ಅಪ್ಪ ಪೆಟ್ಟಿಗೆ ತೆರೆದರು. ನೋಟುಗಳನ್ನು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟರು. ನಾನು ತಟ್ಟೆಯನ್ನೇ ನೋಡುತ್ತ ನಿಂತೆ.

ಆಗ ಅವ್ವ ಹಿತ್ತಲಿನಿಂದ ಬಂದಳು. "ಮೈ ತೊಳಿಸಿದ್ರೇನು?"

"ಯಾರದು?"

"ಗಾಡೀದು."

ನಮ್ಮ ಮನೆಗೆ ಬರುವ ಎತ್ತನ್ನು ಮೊದಲು ಕಾಲುವೆಗೆ ಇಳಿಸಿ ಮೈ ತಿಕ್ಕಿ, ಕೊಂಬಿಗೆ ಅರಿಸಿನ ಹಚ್ಚಿ, ದಡದ ಮೇಲೆಯೇ ಮಾರಿದವನ ಕೈಗೆ ಹಣ ಕೊಡುವುದು ಪದ್ಧತಿ. ಮುದಿ ಎತ್ತಿನ ಕೊಂಬಿಗೆ ಮಸಿ ಹಚ್ಚಿ ಮಾರುವವರಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿ ಇರಬೇಕು. ಅವ್ವನಿಗೆ ಅದು ಬರೀ ಶಾಸ್ತ್ರ.

"ಅದು ಎತ್ತಲ್ಲವ್ವ, ಮೋಟಾರು!" ಅಣ್ಣ ತಲೆ ಚಚ್ಚಿಕೊಂಡ.

"ಮೋಟಾರಿಗೆ ಮೈ ಇಲ್ಲೇನು? ಊರೂರಿನ ಧೂಳು ಹೊತ್ತು ಬಂದೈತಿ. ಮೈಲಿಗಿ ಗಾಡಿ ನಾ ಒಳಗ ಕರಕೊಳ್ಳಂಗಿಲ್ಲ."

ಅಪ್ಪ ತಟ್ಟೆಯಿಂದ ಕೈ ತೆಗೆದರು. "ಅಕಿ ಹೇಳೋದು ಖರೆ. ತೊಳೀದ ರೊಕ್ಕ ಕೊಟ್ಟ ರೂಢಿ ಇಲ್ಲ ನಮ್ಮಲ್ಲಿ."

"ನೀರು ಬೇಡಂಡಿ! ಒಳಗೆ ಕರೆಂಟು ಇರ್ತದೆ!" ದಲ್ಲಾಳಿ ಎದ್ದು ನಿಂತ. ಅದೂ ನಿಜವಿರಬಹುದೆಂದು ನನಗೆ ಹೆದರಿಕೆಯಾಯಿತು. ಆದರೆ ಅಷ್ಟರಲ್ಲಿ ಅಣ್ಣ, ಬೇಗ ಮುಗಿದರೆ ಸಾಕೆಂದು, ತಾನೇ ಗಾಡಿಯನ್ನು ಕಾಲುವೆಯ ದಡಕ್ಕೆ ತಂದಿದ್ದ. ನಾನೂ ಅವ್ವನ ಹಿಂದೆ ಹೋದೆ.

ಅವ್ವ ಕೊಡದಿಂದ ಸುರಿದಳು. ಅಪ್ಪ ತೆಂಗಿನ ನಾರಿನಿಂದ ಎತ್ತಿನ ಬೆನ್ನು ತಿಕ್ಕುವಂತೆ ತಿಕ್ಕಿದರು. ಮೊದಲು ಇಳಿದದ್ದು ಕೆಂಪು ಮಣ್ಣು. ಆಮೇಲೆ ಕಪ್ಪು ನೀರು. ಕಪ್ಪಿನ ಕೆಳಗೆ ಹಸಿರು ಬಂತು. ಹಸಿರಿನ ಕೆಳಗೆ, ಬಾಗಿಲ ಅಂಚಿನಲ್ಲಿ, ಅಪ್ಪನ ಕೈ ಒಳಕ್ಕೆ ಹೋಯಿತು. ಹೊರಗೆ ಬಂದಾಗ ಬೆರಳಲ್ಲಿ ನೆನೆದ ಗೋಣಿತಾಟಿನ ಚೂರಿತ್ತು. ತುಕ್ಕು ತಿಂದ ತೂತಿಗೆ ಗೋಣಿ ತುರುಕಿ, ಮೇಲೆ ಮೇಣ ಮೆತ್ತಿ ಬಣ್ಣ ಬಳಿದಿದ್ದರು. ಎಂಜಿನ್ನಿನ ಬದಿಯ ಮೆತ್ತಿಗೆಯೂ ಕಿತ್ತು ಬಂತು. ಅದರಡಿ ಉದ್ದನೆಯ ಬಿರುಕು.

ಅಣ್ಣ ಗಾಡಿ ಚಾಲೂ ಮಾಡಲು ನೋಡಿದ. ಆಗಲಿಲ್ಲ.

"ಕೊಂದ್ರಿ! ಚೆನ್ನಾಗಿದ್ದ ಗಾಡಿಗೆ ನೀರು ಹಾಕಿ ಕೊಂದ್ರಿ! ಈಗ ಪೂರ್ತಿ ಹಣ ಕೊಡಲೇಬೇಕು, ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ!" ದಲ್ಲಾಳಿಯ ಕೂಗಿಗೆ ಬಟ್ಟೆ ಒಗೆಯುತ್ತಿದ್ದವರೆಲ್ಲ ಸೇರಿದರು. ನೀರು ಹಾಕಿದ್ದು ನಾವೇ, ನೋಡಿದವರಿದ್ದಾರೆ. ಅವನು ಪೊಲೀಸರನ್ನು ಕರೆತಂದರೆ ಆರುನೂರು ಕೊಟ್ಟು ಸತ್ತ ಗಾಡಿಯನ್ನು ಮನೆಗೊಯ್ಯಬೇಕಾಗುತ್ತದೆ; ಅದರ ರಿಪೇರಿ ನನ್ನ ಫೀಸನ್ನೂ ನುಂಗುತ್ತದೆ. ಮೆಟ್ರಿಯ ಮನೆಯ ಪಡಸಾಲೆ, ನಾನೆಂದೂ ನೋಡದಿದ್ದರೂ, ಕಣ್ಣ ಮುಂದೆ ಬಂತು.

ಇಲ್ಲಿ ಬಾಗಿಲ ಮರೆ ಇರಲಿಲ್ಲ. ಆದರೂ ನೇರವಾಗಿ ಅವನಿಗೇ ಹೇಳಿದೆ: "ಗೋಣಿ ಒಳಗಿಟ್ಟದ್ದು ನೀರಲ್ಲ. ಪೊಲೀಸರು ಬಂದರ ಬರಲಿ. ಹಸಿರು ಬಣ್ಣದ ಜಾಹೀರಾತೂ ಐತಿ, ತೋರಿಸ್ತೀನಿ."

ಅವನು ನನ್ನನ್ನು ನೋಡಿದ. ಮತ್ತೆ ಪೊಲೀಸರ ಮಾತೆತ್ತಲಿಲ್ಲ. "ಮುಂಗಡ ವಾಪಸ್ ಬರೋದಿಲ್ಲ," ಎಂದಷ್ಟೇ ಅಂದ.

"ಮಳಿಗಾಲದಾಗ ನಿಮ್ಮ ದೊರೆ ಇದನ್ನ ದನದ ಕೊಟ್ಟಿಗಿ ಒಳಗ ಕಟ್ಟತಿದ್ದನೇನಪ್ಪ?" ಎಂದು ಅಪ್ಪ ಕೇಳಿದ್ದಕ್ಕೆ ಜನ ನಕ್ಕರು. ಕೊನೆಗೆ ನಮ್ಮ ಎತ್ತುಗಳನ್ನೇ ಕಟ್ಟಿ ಗಾಡಿಯನ್ನು ಸ್ಟೇಷನ್ನಿನ ತನಕ ಎಳೆಸಿದೆವು.

"ಏನ್ಲೇ, ಆರು ಸಿಲಿಂಡರಿಗೆ ಎರಡೇ ಎತ್ತು ಸಾಕಾದ್ವಾ?" ಎಂದು ಯಾರೋ ಕೂಗಿದರು. ಅಣ್ಣ ಹಗ್ಗ ಹಿಡಿದು ತಲೆ ಬಗ್ಗಿಸಿ ನಡೆದ. ನನ್ನ ಅನುಮಾನ ನಿಜವಾದದ್ದಕ್ಕೆ ನನಗೆ ಸಂತೋಷವಾಗಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಅಣ್ಣನೇ ಹೇಳಿದ: "ಮೊದಲು ತಂಗಿ ಫೀಸು ಕಟ್ಟಿಬಿಡಪ್ಪ. ಪೆಟ್ಟಿಗ್ಯಾಗ ರೊಕ್ಕ ಇದ್ರ ನಾ ಮತ್ತೊಂದು ಗಾಡಿ ನೋಡತೀನಿ."

ಮರುದಿನ ಅಪ್ಪನೊಂದಿಗೆ ಅಂಚೆ ಕಚೇರಿಗೆ ಹೋದೆ. ಕಿಟಕಿಯ ಮುಂದೆ ಹಣ ಹಿಡಿದು ಅವರು ತಡೆದು ನಿಂತರು.

"ಈ ಸಾಲಿ ಸುದ್ದಿ ನಿನಗ ಎಲ್ಲಿ ಸಿಕ್ತವ್ವ?"

"ಪತ್ರಿಕ್ಯಾಗ."

"ಅದs ಪತ್ರಿಕಿ?"

"ಹೂಂ."

"ಕಣ್ಣಿಲೆ ನೋಡೀಯೇನು?"

"ಗೇಟು ನೋಡೀನಪ್ಪ."

"ಒಳಗ?"

"ಒಳಗ ಹೋಗಿಲ್ಲ."

ಅಪ್ಪ ನೋಟುಗಳನ್ನು ಮತ್ತೊಮ್ಮೆ ಎಣಿಸಿದರು. ಹಿಂದೆ ನಿಂತವರು ಅವಸರ ಮಾಡಿದರು. ಅಪ್ಪ ಹಣವನ್ನು ಕಿಟಕಿಯೊಳಕ್ಕೆ ತಳ್ಳಿದರು. ಕಾಲೇಜಿನ ರಸೀದಿ ಬರುವವರೆಗೆ ದಿನವೂ ಮಧ್ಯಾಹ್ನ, ಏನೋ ಕೆಲಸವಿದ್ದವರಂತೆ, ಅವರೂ ನಾನೂ ಮನೆ ಮುಂದಿನ ಕಟ್ಟೆಗೆ ಬಂದು ಕೂರುತ್ತಿದ್ದೆವು. ಅಂಚೆಯವನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.