ನಾನು ಹುಟ್ಟು ಹಾಕದ ಒಂದು ಮೈಲಿ

ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ದೆವ್ವದ ಕಥೆ ತೆಗೆದರೆ ಮೊದಲು ನಗುತ್ತಿದ್ದವನು ನಾನು. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಆಗ ನನ್ನ ಕೆಲಸವೇ ಅಂಥದ್ದು. ಯಂತ್ರ ವಿಚಿತ್ರ ಅಳತೆ ತೋರಿಸಿದರೆ, ತಪ್ಪು ಯಂತ್ರದ್ದೋ ಅದನ್ನು ಓದಿದವನದ್ದೋ ಎಂದು ಹುಡುಕಬೇಕು. ಎರಡರಲ್ಲಿ ಒಂದು ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದೆ. ಈಗ ಹೇಳುವುದರಲ್ಲಿ ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಆದರೂ ನಡೆದದ್ದು ಏನೆಂದು ನನಗೆ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ನಾನೂ ನನ್ನ ಹೆಂಡತಿ ವಿದ್ಯಾಳೂ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ನಡೆಸಲೆಂದು ಸ್ಕಾಟ್ಲೆಂಡಿನ ಪಶ್ಚಿಮ ತೀರಕ್ಕೆ ಹೋಗಿದ್ದೆವು. ಮನೆ ಹತ್ತಿರದ ಬೆಚ್ಚನೆಯ, ಆಳವಿಲ್ಲದ ನೀರಿನಲ್ಲಿ ಎರಡು ವರ್ಷ ಅಭ್ಯಾಸ ಮಾಡಿದ್ದೆವು. ಅಲ್ಲಿಯ ಕಡಲೇ ಬೇರೆ. ಕಪ್ಪು ಬಂಡೆಗಳು, ಕೈ ಮರಗಟ್ಟಿಸುವ ನೀರು, ದ್ವೀಪಗಳ ನಡುವೆ ಹೊಳೆಯ ಹಾಗೆ ಓಡುವ ಸೆಳೆತ. ನಮ್ಮದು ಇಬ್ಬರ ದೋಣಿ, ಮುಂದೆ ಅವಳು, ಹಿಂದೆ ನಾನು. ನೀರು ಒಳಗೆ ಬರದಂತೆ ಸೊಂಟದ ಸುತ್ತ ಬಟ್ಟೆ ಬಿಗಿದು, ಲೈಫ್ ಜಾಕೆಟ್ ಹಾಕಿ ಕೂತರೆ ತಿರುಗಿ ನೋಡುವುದು ಬಲು ಕಷ್ಟ. ನನಗೆ ಅವಳ ಬೆನ್ನು ಕಾಣುತ್ತಿತ್ತು, ಅವಳಿಗೆ ನಾನು ಕಾಣುತ್ತಿರಲಿಲ್ಲ.

ಆ ಅನುಕೂಲವನ್ನೇ ನಾನು ಬಳಸಿಕೊಂಡೆ. ಕೆಲಸಕ್ಕೆ ಅವಕಾಶವಿಲ್ಲದ ಡಿಪೆಂಡೆಂಟ್ ವೀಸಾದಲ್ಲಿ ಆರು ವರ್ಷ ಮನೆಯಲ್ಲಿ ಕೂತಿದ್ದ ವಿದ್ಯಾಳಿಗೆ ಕ್ಲಿಯರ್ ಲೇಕ್‌ನಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಅವಳನ್ನು ಒಂದು ಮಾತೂ ಕೇಳದೆ ನಾನು ಅಲ್ಲಿಂದ ನಾಲ್ಕು ಗಂಟೆ ದಾರಿಯ ಡಲ್ಲಾಸ್‌ಗೆ ಟ್ರಾನ್ಸ್‌ಫರ್ ಒಪ್ಪಿಕೊಂಡಿದ್ದೆ. ಮನೆಯಲ್ಲಿ ಮುಖ ನೋಡಿ ಹೇಳಲು ಧೈರ್ಯ ಬಂದಿರಲಿಲ್ಲ. ಎರಡು ದ್ವೀಪಗಳ ನಡುವಿನ ಒಂದು ಮೈಲಿ ದಾಟುವಾಗ ಅವಳ ಬೆನ್ನಿಗೆ ಹೇಳಿದೆ. ಹೇಡಿ ಎಂದು ಕರೆಯಿರಿ, ನನ್ನ ತಕರಾರಿಲ್ಲ.

ಅವಳು ಹುಟ್ಟನ್ನು ಎತ್ತಿ ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಸುಮ್ಮನೆ ಕೂತಳು. ನನಗೂ ರೇಗಿತು. ಅವಳಿಗಿಲ್ಲದ ಗರಜು ನನಗ್ಯಾಕೆ ಎಂದು ನನ್ನ ಹುಟ್ಟನ್ನು ದೋಣಿಯ ಮೇಲಿನ ಎಲಾಸ್ಟಿಕ್ ಹಗ್ಗಕ್ಕೆ ಸಿಕ್ಕಿಸಿ ಕೈ ಕಟ್ಟಿದೆ. ನಮ್ಮ ತಂಡದ ಗೈಡ್ ಮತ್ತು ಜೊತೆಯವರು ತಮ್ಮ ದೋಣಿಗಳಲ್ಲಿ ಆಗಲೇ ಮುಂದೆ ಹೋಗಿದ್ದರು. ನೋಡುನೋಡುತ್ತ ಮಂಜು ಮುಚ್ಚಿತು. ಉಬ್ಬರ ಮುಗಿದು ನೀರು ತಿರುಗುವ ಮುಂಚೆ ದಾಟಿಬಿಡಿ, ಆಮೇಲೆ ಅದು ತೆರೆದ ಕಡಲಿಗೆ ಎಳೆದೊಯ್ಯುತ್ತದೆ ಎಂದು ಗೈಡ್ ಬೆಳಿಗ್ಗೆಯೇ ಎಚ್ಚರಿಸಿದ್ದಳು. ನೀರು ತಿರುಗಿದ್ದು ನನಗೆ ತಿಳಿಯಿತು. ಆದರೂ ಹುಟ್ಟು ಮುಟ್ಟಲಿಲ್ಲ. ಮೊದಲು ಅವಳು ಹಾಕಲಿ ಎಂಬ ಹಟ.

ಆಗ ದೋಣಿ ಹೊರಟಿತು. ಸೆಳೆತದ ಜೊತೆಗಲ್ಲ, ಅದಕ್ಕೆ ಎದುರಾಗಿ. ನನ್ನ ಬೆನ್ನ ಹಿಂದೆ ಹುಟ್ಟು ನೀರಿಗಿಳಿಯುವ ಸದ್ದು ಕೇಳಿಸಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಅವಸರವಿಲ್ಲದೆ. ಒಂದೊಂದು ಎಳೆತಕ್ಕೂ ಸೀಟು ನನ್ನ ಸೊಂಟವನ್ನು ಒತ್ತುತ್ತಿತ್ತು. ವಿದ್ಯಾಳ ಹುಟ್ಟು ಅವಳ ಮಡಿಲಲ್ಲಿತ್ತು, ನನ್ನದು ಹಗ್ಗದಡಿ ಇತ್ತು. ನನ್ನ ಹಿಂದೆ ದೋಣಿಯ ಚೂಪು ಬಾಲ ಬಿಟ್ಟರೆ ಯಾರೂ ಕೂರುವ ಜಾಗವೇ ಇಲ್ಲ. ಕಷ್ಟಪಟ್ಟರೆ ತಿರುಗಿ ನೋಡಬಹುದಿತ್ತು. ನೋಡಲಿಲ್ಲ, ಹೆದರಿದ್ದೆ. ಅರ್ಧ ಗಂಟೆಯ ಮೇಲೆ ದೋಣಿಯ ತಳಕ್ಕೆ ಮರಳು ತಾಗಿತು.

ಗೈಡ್ ನಮ್ಮನ್ನು ಹುಡುಕಿಸಲು ಆಗಲೇ ರೇಡಿಯೋದಲ್ಲಿ ಸುದ್ದಿ ಕೊಟ್ಟಿದ್ದಳು. ಈ ಸೆಳೆತದಲ್ಲಿ ಹೇಗೆ ಬಂದಿರಿ, ತಾನೇ ಬರುತ್ತಿರಲಿಲ್ಲ ಎಂದು ಬೈದಳು. ದೋಣಿ ಎತ್ತಲೆಂದು ಹಗ್ಗದಡಿಯ ನನ್ನ ಹುಟ್ಟನ್ನು ಬಿಡಿಸಿದಳು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ವಿದ್ಯಾ ಅಷ್ಟರಲ್ಲಿ ದೂರ ಹೋಗಿ ಬಂಡೆಯ ಮೇಲೆ ಕೂತಿದ್ದಳು. ಅತ್ತಿದ್ದಳು.

"ಒಂದ್ ಮಾತೂ ಆಡ್ದೆ ಅಷ್ಟು ದೂರ ನೀನೊಬ್ನೇ ಪ್ಯಾಡಲ್ ಮಾಡ್ದೆ," ಎಂದಳು. "ಆಯ್ತು, ಡಲ್ಲಾಸ್‌ಗೆ ಹೋಗೋಣ."

ಅಲ್ಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಅವಳು ಕೆಲಸ ಬಿಟ್ಟಳು. ಡಲ್ಲಾಸ್‌ನಲ್ಲಿ ಹೋದ ಮನೆಗಳಲ್ಲೆಲ್ಲ ಈ ಕಥೆ ಹೇಳುತ್ತಿದ್ದಳು. ಆಂಟಿಯರು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ನಾನು ನಾಚಿದವನಂತೆ ತಲೆ ತಗ್ಗಿಸಿ ತಿನ್ನುತ್ತಿದ್ದೆ. ಮೂರು ವರ್ಷ ಹೀಗೇ ಕಳೆಯಿತು. ಬರಬರುತ್ತ ಆ ಕಥೆ ಕೇಳಿದರೆ ಮೈ ಉರಿಯುತ್ತಿತ್ತು. ಹೇಳುವಾಗ ಅವಳ ಮುಖದಲ್ಲಿ ಬರುತ್ತಿದ್ದ ಪ್ರೀತಿ ನನ್ನ ಪಾಲಿನದಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಒಂದು ಭಾನುವಾರ, ಬಂದವರೆಲ್ಲ ಹೋದ ಮೇಲೆ, ಪಾತ್ರೆ ತೊಳೆಯುತ್ತಿದ್ದವಳಿಗೆ ಎಲ್ಲ ಹೇಳಿಬಿಟ್ಟೆ. ಬೆನ್ನ ಹಿಂದಿನ ಸದ್ದಿನವರೆಗೂ ಹೇಳಿದೆ.

ಅವಳು ನಲ್ಲಿ ನಿಲ್ಲಿಸಿದಳು.

"ಮುಂದೆ ನಾನು ಕೂತಿದ್ದೆ," ಎಂದಳು. "ನೀನ್ಯಾಕೆ ಪ್ಯಾಡಲ್ ಮಾಡ್ಲಿಲ್ಲ?"

ಈಗ ಅವಳು ಕ್ಲಿಯರ್ ಲೇಕ್‌ನಲ್ಲಿದ್ದಾಳೆ, ಅದೇ ಲ್ಯಾಬಿನಲ್ಲಿ. ನಾನು ಡಲ್ಲಾಸ್‌ನಲ್ಲೇ ಉಳಿದೆ. ಆ ದಿನದ ಗಾಳಿ, ನೀರಿನ ವೇಗದ ದಾಖಲೆ ಎಲ್ಲ ತೆಗೆದು ಎಷ್ಟೋ ಸಲ ನೋಡಿದ್ದೇನೆ. ಬಂಡೆಗೆ ಬಡಿದು ಹಿಂದಕ್ಕೆ ತಿರುಗುವ ನೀರು ದೋಣಿಯನ್ನು ತಂದಿರಬಹುದು ಎಂದು ತಿಳಿದವರೊಬ್ಬರು ಹೇಳಿದರು. ಇರಬಹುದು. ಆದರೆ ನೀರು ಹುಟ್ಟು ಹಾಕುವುದಿಲ್ಲ.

ಹಾಗಾದರೆ ಹುಟ್ಟು ಹಾಕಿದ್ದು ಯಾರು ಎಂದು ವಿದ್ಯಾ ಇವತ್ತಿನವರೆಗೂ ಕೇಳಿಲ್ಲ. ಯಾರೇ ಆಗಿರಲಿ, ನಾನಲ್ಲ ಎಂಬುದಷ್ಟೇ ಅವಳಿಗೆ ಸಾಕಾಯಿತು.